ನಲವತ್ತು ಜೊತೆ ಕರಿ ಕಾಲುಚೀಲ

ಆ ಭಾನುವಾರ ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆಗೆ ಲಾಂಡ್ರಿ ಯಜಮಾನರು ಗಣಿತಶಾಸ್ತ್ರಕ್ಕೆ ಉಪಕಾರ ಮಾಡುವುದೆಂದು ತೀರ್ಮಾನಿಸಿದರು. ಪಾಪ, ಗಣಿತಶಾಸ್ತ್ರ ಅವರನ್ನು ಏನೂ ಕೇಳಿಕೊಂಡಿರಲಿಲ್ಲ!

"ಒಂದು ವಿಷಯ ತಾನೇ ಬೇಕಾಗಿರೋದು? ಮಧ್ಯಾಹ್ನ ಊಟಕ್ಕೆ ಕೂರೋದ್ರೊಳಗೆ ಹುಡುಕಿಕೊಡ್ತೀನಿ. ಖಂಡಿತ!" ಎಂದು ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದರು.

ಎದುರಿಗೆ ನಿಂತಿದ್ದವಳು ಎಂಟನೇ ತರಗತಿಯಲ್ಲಿ ಓದುವ ಮಗಳು. ಅವಳ ಗಣಿತದ ಟೀಚರು ಕ್ಲಾಸಿನ ಪ್ರತಿಯೊಬ್ಬರೂ ಒಂದೊಂದು 'ಗಣಿತ ಶೋಧನೆ' ಮಾಡಬೇಕೆಂದು ಹೇಳಿದ್ದರು. ತಾವೇ ಒಂದು ಪ್ರಶ್ನೆ ಆರಿಸಿಕೊಳ್ಳಬೇಕು, ಅಳೆಯಬೇಕು, ಎಣಿಸಬೇಕು, ಉತ್ತರ ಕಂಡುಹಿಡಿಯಬೇಕು. ಷರತ್ತು ಎರಡೇ ಎರಡು. ಪ್ರಶ್ನೆ ಪುಸ್ತಕದ್ದಾಗಿರಬಾರದು, ಉತ್ತರ ಮೊದಲೇ ಗೊತ್ತಿರಬಾರದು. ಅಡುಗೆಮನೆಯ ನೆಲದಲ್ಲಿ ಎಷ್ಟು ಟೈಲ್ಸ್ ಇವೆ ಎಂಬ ಮಗಳ ಮೊದಲ ವಿಷಯ, "ಇದು ಶೋಧನೆ ಅಲ್ಲಮ್ಮ, ಗುಣಾಕಾರ" ಎಂಬ ಷರಾದೊಂದಿಗೆ ವಾಪಸ್ಸು ಬಂದಿತ್ತು. ಬುಧವಾರದೊಳಗೆ ಹೊಸ ವಿಷಯ ಹೇಳದಿದ್ದರೆ ಟೀಚರೇ ಒಂದು ಕೊಡುತ್ತಾರೆ. ಅವರು ಕೊಡುವುದು ಯಾವಾಗಲೂ ತ್ರಿಕೋನ.

ಈ ಮನೆಯಲ್ಲಿ ಲೆಕ್ಕವೆಂದರೆ ಅಮ್ಮ. ಆಕೆ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡುವವಳು, ಮಿಲಿಗ್ರಾಮುಗಳ ಜೊತೆ ಸಂಸಾರ ಮಾಡಿದವಳು. ಅಪ್ಪನೋ, ಬಹಳ ಹಿಂದೆ ಒಂದು ದಿನ ಗಣಿತದ ಪುಸ್ತಕ ಮುಚ್ಚಿದವರು ಆ ಕಡೆ ತಲೆ ಹಾಕಿ ಮಲಗಿದವರೂ ಅಲ್ಲ. ಆದರೆ ಇವತ್ತು ಅಮ್ಮನಿಗೆ ಎರಡು ಗಂಟೆಯವರೆಗೆ ಡ್ಯೂಟಿ. ಹಾಗಾಗಿ ಹುಟ್ಟಿ ಹದಿಮೂರು ವರ್ಷಕ್ಕೆ ಮೊದಲ ಸಲ ಮಗಳು ನೋಟ್‌ಬುಕ್ ಹಿಡಿದುಕೊಂಡು ಅಪ್ಪನ ಮುಂದೆ ನಿಂತಿದ್ದಳು. ಇದೊಂದು ಸಲ ಕೈಲಾಗದೆ ಹೋದರೆ ಇವಳು ಇನ್ನೆಂದೂ ಪುಸ್ತಕ ಹಿಡಿದು ತಮ್ಮ ಹತ್ತಿರ ಬರುವುದಿಲ್ಲ ಎಂಬ ಹೆದರಿಕೆ ಯಜಮಾನರನ್ನು ಹಿಡಿದುಕೊಂಡಿತು. ಹೆದರಿಕೆಯಾದಾಗ ಕೆಲವರು ಬೆವರುತ್ತಾರೆ, ಕೆಲವರು ದೇವರನ್ನು ನೆನೆಯುತ್ತಾರೆ. ನಮ್ಮ ಯಜಮಾನರು "ಖಂಡಿತ" ಅನ್ನುತ್ತಾರೆ.

ಯಜಮಾನರ ಮೊದಲ ವಿಷಯ ಸೋಪಿನದು. ಒಂದು ಚಮಚ ಪುಡಿಯಿಂದ ಎಷ್ಟು ಗುಳ್ಳೆ ಏಳುತ್ತವೆ?

"ಯಾವ ಪುಸ್ತಕದಲ್ಲಿದೆ ಹೇಳು ನೋಡೋಣ!" ಎಂದು ಬಕೆಟ್ಟಿಗೆ ಪುಡಿ ಸುರಿದು ಕದಡಿಯೇ ಬಿಟ್ಟರು. ಮಗಳು ಬಗ್ಗಿ ಎಣಿಸತೊಡಗಿದಳು. ಹದಿನೇಳಕ್ಕೆ ಬರುವಷ್ಟರಲ್ಲಿ ಮೊದಲ ಒಂಬತ್ತು ಒಡೆದಿದ್ದವು. ಇಪ್ಪತ್ತಕ್ಕೆ ಬರುವಷ್ಟರಲ್ಲಿ ಯಜಮಾನರಿಗೆ ಸೀನು ಬಂತು. ಅಲ್ಲಿಗೆ ಆ ಸಂಶೋಧನೆ ಗೋಡೆಗೂ ಕಿಟಕಿಗೂ ಮಗಳ ಮುಖಕ್ಕೂ ಹಂಚಿಹೋಯಿತು.

"ಅಪ್ಪಾ, ಪರವಾಗಿಲ್ಲ ಬಿಡು. ಅಮ್ಮ ಬಂದಮೇಲೆ..."

ಅಮ್ಮನ ಹೆಸರು ಕಿವಿಗೆ ಬಿದ್ದದ್ದೇ ತಡ, ಯಜಮಾನರ ಪೌರುಷ ಕೆರಳಿತು. ಮೂಲೆಯ ಬೆತ್ತದ ಬುಟ್ಟಿಯ ಮೇಲೆ ಅವರ ಕಣ್ಣು ಬಿತ್ತು. ಅದರಲ್ಲಿದ್ದದ್ದು ಒಗೆದು ಒಣಗಿಸಿದ ನಲವತ್ತು ಜೊತೆ ಕಾಲುಚೀಲ, ಎಲ್ಲವೂ ಕಪ್ಪು. ಪ್ರತಿ ಜೊತೆಗೂ ಗಿರಾಕಿಯ ನಂಬರು ಬರೆದ ಬಟ್ಟೆಚೀಟಿಯನ್ನು ಪಿನ್ನಿನಿಂದ ಚುಚ್ಚಲಾಗಿತ್ತು.

"ಸಿಕ್ತು! ಕಣ್ಣುಮುಚ್ಚಿ ಬುಟ್ಟಿಗೆ ಕೈ ಹಾಕ್ತೀವಿ. ಒಂದಾದರೂ ಸರಿಯಾದ ಜೊತೆ ಖಂಡಿತ ಸಿಗಬೇಕು ಅಂದ್ರೆ ಎಷ್ಟು ಕಾಲುಚೀಲ ತೆಗೀಬೇಕು? ಹೇಗಿದೆ ಪ್ರಶ್ನೆ?"

"ಅಪ್ಪಾ, ಒಂದು ನಿಮಿಷ..."

"ಸುಮ್ನಿರು, ಶೋಧನೆ ನಡೀತಾ ಇದೆ!"

ಚೀಟಿ ಇದ್ದರೆ ಅದು ಕೈಗೆ ತಾಗಿ ಮೋಸವಾಗುತ್ತದೆ, ಪಿನ್ನಿದ್ದರೆ ಜೊತೆ ಬೇರೆಯಾಗುವುದಿಲ್ಲ. ಆದ್ದರಿಂದ ಯಜಮಾನರು ಒಂದೊಂದಾಗಿ ಪಿನ್ನು ಬಿಚ್ಚಿದರು. ನಲವತ್ತು ಚೀಟಿ ಒಂದು ಡಬ್ಬಿಗೆ, ಎಂಬತ್ತು ಕಾಲುಚೀಲ ಬುಟ್ಟಿಗೆ. ಆಮೇಲೆ ಎರಡೂ ತೋಳು ಇಳಿಸಿ, ತಳದ್ದು ಮೇಲೆ ಮೇಲಿನದು ತಳಕ್ಕೆ ಬರುವಂತೆ ಚೆನ್ನಾಗಿ ಕಲಸಿದರು. ಇಪ್ಪತ್ತೆರಡು ವರ್ಷದ ಅನುಭವಸ್ಥ ಕೈಗಳು. ಕೆಲಸದಲ್ಲಿ ಒಂದಿಷ್ಟೂ ಕೊರತೆಯಾಗಲಿಲ್ಲ.

"ಈಗ ಹೇಳು, ಏನೋ ಅಂತಿದ್ದೆ?"

"ನಲವತ್ತೊಂದು," ಅಂದಳು ಮಗಳು.

"ಏನು ನಲವತ್ತೊಂದು?"

"ಉತ್ತರ. ನಲವತ್ತು ಬೇರೆ ಬೇರೆ ಜೊತೆ ಇದ್ರೆ, ಮೊದಲ ನಲವತ್ತೂ ಒಂಟಿ ಬಂದರೂ ನಲವತ್ತೊಂದನೇದು ಯಾವುದಕ್ಕಾದ್ರೂ ಜೊತೆ ಆಗಲೇಬೇಕಲ್ವಾ? ಪುಸ್ತಕದಲ್ಲೇ ಇದೆ ಅಪ್ಪಾ. ಅದನ್ನೇ ಹೇಳೋಕೆ ಬಂದೆ."

ಯಜಮಾನರು ಬುಟ್ಟಿಯನ್ನು ನೋಡಿದರು. ಡಬ್ಬಿಯನ್ನು ನೋಡಿದರು. ಮತ್ತೆ ಬುಟ್ಟಿಯನ್ನು ನೋಡಿದರು. ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ನಾಳೆ ಬೆಳಿಗ್ಗೆಯಿಂದ ಗಿರಾಕಿಗಳು ಬರುತ್ತಾರೆ. ರಸೀದಿ ಪುಸ್ತಕದಲ್ಲಿ ಯಾರದು ಎಷ್ಟು ಜೊತೆ ಎಂದು ಬರೆದಿತ್ತೇ ಹೊರತು ಯಾವುದು ಯಾರದೆಂದು ಬರೆದಿರಲಿಲ್ಲ. ಬರೆಯುವುದಾದರೂ ಏನನ್ನು? ಕಪ್ಪು, ಕಪ್ಪು, ಕಪ್ಪು!

ಎರಡೂಕಾಲಿಗೆ ಹೆಂಡತಿ ಬಂದಾಗ ತಂದೆ ಮಗಳಿಬ್ಬರೂ ನೆಲದ ಮೇಲೆ ಕಾಲುಚೀಲಗಳ ನಡುವೆ ಕೂತಿದ್ದರು. ಆಕೆ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

"ವಿಷಯ ಸಿಕ್ತಾ?"

"ಇನ್ನೂ ಇಲ್ಲ," ಅಂದರು ಯಜಮಾನರು. "ಇವು ಯಾರ್‍ಯಾರದು ಅಂತ ನನಗೆ ಮುಟ್ಟಿದ್ರೇ ಗೊತ್ತಾಗುತ್ತೆ. ಚೀಟಿ ಇರೋದು ನನಗೋಸ್ಕರ ಅಲ್ಲ, ಗಿರಾಕಿಗಳ ಸಮಾಧಾನಕ್ಕೆ."

"ಹೌದಾ? ಹಾಗಾದ್ರೆ ಅಪ್ಪ ಹೇಳಿದ್ದನ್ನೆಲ್ಲ ಬರೆದಿಟ್ಕೋ ಪುಟ್ಟಿ," ಎಂದು ಹೆಂಡತಿ ಕೈತೊಳೆದು ಬಂದು ತಾನೂ ನೆಲಕ್ಕೆ ಕೂತಳು.

ಜೊತೆ ಕೂಡಿಸುವುದಕ್ಕೇ ಮೂರು ಗಂಟೆ ಹಿಡಿಯಿತು. ಬಿಗಿ ಅಂಚು, ಸಡಿಲ ಅಂಚು, ಪಕ್ಕೆಗೆರೆ ಇದ್ದದ್ದು, ಇಲ್ಲದ್ದು. ಕಪ್ಪಿನಲ್ಲೂ ಇಷ್ಟು ಜಾತಿ ಇರುತ್ತದೆಂದು ಮೂವರಿಗೂ ಗೊತ್ತಿರಲಿಲ್ಲ. ಆಮೇಲೆ ಯಜಮಾನರು ಒಂದೊಂದು ಜೊತೆಯನ್ನೂ ಅಂಗೈ ಮೇಲಿಟ್ಟು, ಕಣ್ಣು ಅರೆಮುಚ್ಚಿ, ನಾಡಿ ನೋಡುವ ವೈದ್ಯರ ಗಾಂಭೀರ್ಯದಿಂದ ಅಪ್ಪಣೆ ಕೊಡತೊಡಗಿದರು.

"ವಕೀಲರದು. ಖಂಡಿತ. ಇದು ಹಲ್ಲಿನ ಡಾಕ್ಟರದು, ಖಂಡಿತ. ಇದು... ಡ್ಯಾನ್ಸ್ ಟೀಚರದು ಇರಬಹುದು. ಇದು ಬ್ಯಾಂಕ್ ಕಾವಲಿನವನದು, ಕಣ್ಣುಮುಚ್ಚಿ ಹೇಳ್ತೀನಿ, ಖಂಡಿತ!"

ಮಗಳು ತಲೆ ಬಗ್ಗಿಸಿ ಬರೆಯುತ್ತಲೇ ಇದ್ದಳು. ಸಂಜೆಯಾಗುತ್ತ ಯಜಮಾನರ ದನಿ ಇಳಿಯಿತು. ಕೊನೆಯ ಐದು ಜೊತೆ ಬಂದಾಗ ಅವರು ತಿರುಗಿಸಿ ಮುರುಗಿಸಿ ನೋಡಿ, ಯಾರಿಗೂ ಕೇಳದ ಹಾಗೆ "ಗೊತ್ತಿಲ್ಲ" ಅಂದರು. ಮಗಳು ಅದನ್ನೂ ಬರೆದುಕೊಂಡಳು.

ಸೋಮವಾರ ಬಂತು. ಅಯ್ಯೋ, ಬರದೇ ಇರುತ್ತದೆಯೇ!

"ರೀ ಯಜಮಾನ್ರೇ, ಇದು ನನ್ನ ಮೊಣಕಾಲು ದಾಟಿ ಹೋಗ್ತಿದೆ," ಅಂದರು ಹಲ್ಲಿನ ಡಾಕ್ಟರು. "ನಾನು ಹಲ್ಲು ಕೀಳೋನು, ಫುಟ್‌ಬಾಲ್ ಆಡೋನಲ್ಲ!"

ಅವರ ಹಿಂದೆಯೇ ಆರಡಿ ಎತ್ತರದ ಬ್ಯಾಂಕ್ ಕಾವಲಿನವನು ನಿಂತಿದ್ದ. ಅವನ ಕೈಯಲ್ಲಿದ್ದದ್ದು ಅವನ ಹೆಬ್ಬೆರಳಿಗೂ ಸಾಲುವಂತಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಮಾತಿಲ್ಲದೆ ಕಾಲುಚೀಲ ಅದಲುಬದಲು ಮಾಡಿಕೊಂಡರು. ವಕೀಲರು ಮಾತ್ರ ಅಷ್ಟು ಸುಲಭಕ್ಕೆ ಬಿಡುವ ಆಸಾಮಿಯಲ್ಲ.

"ಇದು ನನ್ನದು ಅನ್ನೋದಕ್ಕೆ ಸಾಕ್ಷಿ?"

"ಖಂಡಿತ ನಿಮ್ಮದೇ ಸಾರ್. ತೂತು ಇದೆಯಲ್ಲ."

"ಇದರ ತೂತು ಬೆರಳಲ್ಲಿದೆ. ನನ್ನ ತೂತು ಇರೋದು ಹಿಮ್ಮಡಿಯಲ್ಲಿ!"

ಡ್ಯಾನ್ಸ್ ಟೀಚರು ಮಾತ್ರ ತಮ್ಮದನ್ನು ಒಂದೇ ಸಲ ನೋಡಿ ಚೀಲಕ್ಕೆ ಹಾಕಿಕೊಂಡು ಹೋದರು. ಶಾಲೆ ಬಿಟ್ಟಮೇಲೆ ಮಗಳು ಸೋಮವಾರ, ಮಂಗಳವಾರ ಎರಡೂ ದಿನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಅಷ್ಟುಹೊತ್ತಿಗೆ ಬಂದುಹೋದವರ ವಿಚಾರ ಅಪ್ಪನ ಬಾಯಿಂದ ಹೊರಡಿಸಿ, ಉಳಿದವರನ್ನು ತಾನೇ ಕೇಳಿ ಗುರುತು ಹಾಕಿಕೊಂಡಳು. ಯಾರು ಏನನ್ನು ಬದಲಾಯಿಸಿದರೆಂದು ಬರೆದಿಡುತ್ತಿದ್ದಾಳೆ ಎಂದುಕೊಂಡರು ಯಜಮಾನರು. ಮಂಗಳವಾರ ಸಂಜೆಯ ಹೊತ್ತಿಗೆ ನಲವತ್ತು ಜೊತೆಯೂ ತಂತಮ್ಮ ಕಾಲು ಸೇರಿದವು. ಅವಮಾನ ಮಾತ್ರ ಯಜಮಾನರ ಹತ್ತಿರವೇ ಉಳಿಯಿತು. ಅದಕ್ಕಿಂತ ಹೆಚ್ಚಾಗಿ ಕೊರೆಯುತ್ತಿದ್ದದ್ದು ಬುಧವಾರ. ನಾಳೆ ಮಗಳಿಗೆ ತ್ರಿಕೋನವೇ ಗತಿ, ತಮ್ಮಿಂದಾಗಿ.

"ತಪ್ಪಾಯ್ತು ಮಗಳೇ. ವಿಷಯ ಹುಡುಕಿಕೊಡ್ತೀನಿ ಅಂತ ಮೂರು ದಿನ ಹಾಳುಮಾಡಿದೆ," ಅಂದರು ಅಂಗಡಿಯ ಬಾಗಿಲೆಳೆಯುತ್ತ. ಈ ಮಾತು ಅವರ ಬಾಯಿಂದ ಬಂದದ್ದಕ್ಕೆ, ಡ್ಯೂಟಿ ಮುಗಿಸಿ ಬಂದು ಅಲ್ಲೇ ಕೂತಿದ್ದ ಹೆಂಡತಿ ತಲೆಯೆತ್ತಿ ನೋಡಿದಳು.

"ವಿಷಯ ಸಿಕ್ಕಿದೆ ಅಪ್ಪಾ. ಆದ್ರೆ ನೀನು ಒಪ್ಪಬೇಕು," ಎಂದು ಮಗಳು ನೋಟ್‌ಬುಕ್ ಬಿಡಿಸಿ ಮೇಜಿನ ಮೇಲಿಟ್ಟಳು.

ಮೇಲ್ಗಡೆ ದಪ್ಪಕ್ಷರದಲ್ಲಿ ಬರೆದಿತ್ತು: 'ಖಂಡಿತ ಅಂದಾಗ ಎಷ್ಟು ಖಂಡಿತ?' ಕೆಳಗೆ ಮೂರು ಸಾಲು. ಅಪ್ಪ 'ಖಂಡಿತ' ಎಂದದ್ದು ಇಪ್ಪತ್ತೊಂದು ಸಲ, ಅದರಲ್ಲಿ ಸರಿಯಾದದ್ದು ಎಂಟು. 'ಇರಬಹುದು' ಎಂದದ್ದು ಹದಿನಾಲ್ಕು ಸಲ, ಸರಿಯಾದದ್ದು ಹನ್ನೊಂದು. 'ಗೊತ್ತಿಲ್ಲ' ಎಂದದ್ದು ಐದು ಸಲ, ಸರಿಯಾದದ್ದು ಐದು.

"ಗೊತ್ತಿಲ್ಲ ಅನ್ನೋದು ಹೇಗೆ ಸರಿಯಾಗುತ್ತೆ?" ಎಂದು ಯಜಮಾನರು ಕ್ಷೀಣವಾಗಿ ಕೇಳಿದರು.

"ನಿನಗೆ ನಿಜವಾಗ್ಲೂ ಗೊತ್ತಿರಲಿಲ್ಲವಲ್ಲ ಅಪ್ಪಾ. ಐದಕ್ಕೆ ಐದೂ ಸರಿ."

ಹೆಂಡತಿ ಮತ್ತೆ ಸೆರಗು ಬಾಯಿಗೊತ್ತಿಕೊಂಡಳು. ಯಜಮಾನರಿಗೆ ಕಿವಿ ಬಿಸಿಯಾಯಿತು. ಇಡೀ ಕ್ಲಾಸು ಇದನ್ನು ನೋಡುತ್ತದೆ. ವಕೀಲರ ಮಗನೂ ಅದೇ ಕ್ಲಾಸಿನಲ್ಲಿದ್ದಾನೆ!

"ಉತ್ತರ ಮೊದಲೇ ಗೊತ್ತಿರಬಾರದು ಅಂದಿದ್ರಲ್ಲ ನಿಮ್ಮ ಟೀಚರು?" ಎಂದು ಅವರು ಕೊನೆಯ ಅಸ್ತ್ರ ಎಸೆದರು.

"ನನಗಂತೂ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು," ಅಂದಳು ಹೆಂಡತಿ.

"ನನಗೆ ಗೊತ್ತಿರಲಿಲ್ಲ," ಅಂದಳು ಮಗಳು, ಹಿಂದಿನ ಪುಟ ತಿರುಗಿಸಿ ತೋರಿಸುತ್ತ. "ಎಣಿಸೋಕೆ ಮುಂಚೆ ನಮ್ಮ ಊಹೆ ಬರೀಬೇಕು ಅಂತ ಹೇಳಿಕೊಟ್ಟಿದ್ದಾರೆ. ಭಾನುವಾರಾನೇ ಬರೆದಿದ್ದೆ."

ಊಹೆ ಎಂಬ ಪದದ ಮುಂದೆ ಅವಳ ದುಂಡಕ್ಷರದಲ್ಲಿ ಒಂದೇ ಸಾಲಿತ್ತು. 'ಅಪ್ಪ ಹೇಳಿದ್ದು ನಲವತ್ತಕ್ಕೆ ನಲವತ್ತೂ ಸರಿ ಇರುತ್ತದೆ.'

ಯಜಮಾನರು ಆ ಸಾಲನ್ನು ಎರಡು ಸಲ ಓದಿದರು. ಹದಿಮೂರು ವರ್ಷ ಇವಳು ತಮ್ಮ ಪ್ರತಿಯೊಂದು ಮಾತನ್ನೂ ನಂಬಿಕೊಂಡು ಬಂದಿದ್ದಳು. ತಾವು ಮಾತ್ರ ಇವಳು ನಂಬುವುದಿಲ್ಲವೇನೋ ಎಂದು ಹೆದರಿ ಹೆದರಿ ಖಂಡಿತ, ಖಂಡಿತ ಅಂದುಕೊಂಡೇ ಬಂದಿದ್ದರು.

"ಬೇಡ ಅಂದ್ರೆ ಹೇಳಪ್ಪಾ. ನಾನು ತ್ರಿಕೋನಾನೇ ಮಾಡ್ತೀನಿ."

"ತ್ರಿಕೋನದ ಮನೆ ಹಾಳಾಗ. ಇದನ್ನೇ ಕೊಡು," ಎಂದು ಯಜಮಾನರು ಮೂಗು ಒರೆಸಿಕೊಂಡರು.

ಮಗಳ ಮುಖ ಅರಳಿತು. ಅಮ್ಮ ಪಕ್ಕದಲ್ಲೇ ಇದ್ದಳು. ಆದರೂ ಮಗಳು ನೋಟ್‌ಬುಕ್ ಎತ್ತಿಕೊಂಡು ಸ್ಟೂಲನ್ನು ಅಪ್ಪನ ಕಡೆಗೇ ಎಳೆದುಕೊಂಡಳು.

"ಸರಿ ಅಪ್ಪಾ, ಇದಕ್ಕೊಂದು ನಕ್ಷೆ ಬರೀಬೇಕು. ಕಂಬ ಹಾಕಿದ್ರೆ ಒಳ್ಳೇದಾ, ಚಕ್ರ ಬರೆದ್ರೆ ಒಳ್ಳೇದಾ?"

ಯಜಮಾನರ ನಾಲಿಗೆಯ ತುದಿಗೆ ಆ ಹಳೆಯ ಮಾತು ಬಂದೇಬಿಟ್ಟಿತ್ತು. ಕಷ್ಟಪಟ್ಟು ನುಂಗಿಕೊಂಡರು.

"ಗೊತ್ತಿಲ್ಲ ಮಗಳೇ."

ಮಗಳು ಪೆನ್ಸಿಲ್ ತೆಗೆದು ಮೂರನೇ ಸಾಲಿನ ಮುಂದೆ ಒಂದು ಗೀಟು ಎಳೆದಳು.

"ಆರಕ್ಕೆ ಆರು!"