ತಂದವರೇ ಒಯ್ಯತಕ್ಕದ್ದು

"ಹೊರಗಿನ ಊಟ ಸ್ಟೀಲ್ ಡಬ್ಬಿಯಲ್ಲೇ ಬರತಕ್ಕದ್ದು. ಬಿಸಾಡುವ ಡಬ್ಬಿಯಲ್ಲಿ ತಂದರೆ, ತಂದವರೇ ಅದನ್ನು ತಮ್ಮ ಮನೆಗೆ ಒಯ್ಯತಕ್ಕದ್ದು."

ನೆರೆರಾಜ್ಯದ ನಾಚಾರಂನಲ್ಲಿರುವ ನಮ್ಮ ಪಂಪ್ ಬಿಡಿಭಾಗಗಳ ಕಾರ್ಖಾನೆಯ ಆಫೀಸಿನಲ್ಲಿ ನಾನೇ ಅಂಟಿಸಿದ ನೋಟೀಸಿದು. ಅಲ್ಲಿ ನನ್ನ ಕೆಲಸ ಮಾಲಿನ ಗುಣಮಟ್ಟ ನೋಡುವುದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ವಾಪಸ್ಸು ಕಳಿಸುವವನು. ನೋಟೀಸಿಗೆ ಕಾರಣ ನಮ್ಮಲ್ಲಿ ಕಸ ಗುಡಿಸುವ ಯಾದಗಿರಿಯ ಹೆಂಗಸು. ನಾಲ್ಕನೇ ಮಹಡಿಯ ಈ ಆಫೀಸಿನಿಂದ ಕಸ ಇಳಿಸುವಾಗ ಮುರಿದ ಪ್ಲಾಸ್ಟಿಕ್ ಫೋರ್ಕೊಂದು ಚೀಲ ತೂರಿ ಆಕೆಯ ಅಂಗೈಗೆ ನೆಟ್ಟಿತ್ತು.

"ಇನ್ನೊಮ್ಮೆ ಹಿಂಗಾದ್ರ ಕೆಲಸಾ ಬಿಡ್ತೀನ್ರಿ ಸಾಹೇಬ್ರ. ಕೈ ಹೋದ್ರ ಉಣ್ಣೂದು ಹೆಂಗ?" ಅಂದಿದ್ದಳು.

ನೋಟೀಸು ಇಂಗ್ಲಿಷಿನಲ್ಲಿತ್ತು. ಆಕೆಗೆ ಮಾತ್ರ ಕನ್ನಡದಲ್ಲಿ ಹೇಳಿದೆ. ಅದನ್ನು ಪೂರ್ತಿ ಕೇಳಿಸಿಕೊಂಡವಳು ಆಕೆಯೊಬ್ಬಳೇ ಎಂದು ಆಮೇಲೆ ಗೊತ್ತಾಯಿತು. ಉಳಿದವರಿಂದ ಇಂಥ ಪ್ರಸಂಗಗಳು ಇವತ್ತಿಗೂ ತಪ್ಪಿಲ್ಲ.

ಬೀರು

ಅಳತೆಯ ಉಪಕರಣ ಹುಡುಕುತ್ತ ಸ್ಟೋರ್ಸ್ ಗುಮಾಸ್ತರ ಬೀರು ತೆಗೆದೆ. ಒಳಗೆ ಪ್ಲಾಸ್ಟಿಕ್ ಊಟದ ಡಬ್ಬಿಗಳು. ತೊಳೆದು, ಒರೆಸಿ, ಸೈಜಿನ ಪ್ರಕಾರ ಜೋಡಿಸಿದ್ದವು.

"ಇದೇನ್ರೀ?"

"ಬಿಸಾಡಿದರೆ ತಾನೇ ಸಾರ್ ಬಿಸಾಡುವ ಡಬ್ಬಿ? ನಾನು ಒಂದನ್ನೂ ಬಿಸಾಡಿಲ್ಲ."

"ಮತ್ತೆ ಏನು ಮಾಡುತ್ತೀರಿ?"

"ಅದನ್ನೇ ಯೋಚಿಸುತ್ತಿದ್ದೇನೆ. ಸದ್ಯಕ್ಕೆ ಇನ್ನೊಂದು ಬೀರುವಿಗೆ ಅರ್ಜಿ ಬರೆದಿದ್ದೇನೆ. ನಿಮ್ಮದೊಂದು ಸಹಿ ಬೇಕಿತ್ತು."

ಡಬ್ಬಿಗೆ ಅಂಗಿ

ನಮ್ಮ ಅಕೌಂಟೆಂಟು ಮಾತ್ರ ನಿಯಮ ಪಾಲಿಸಿದರು. ಹೊಳೆಯುವ ಹೊಸ ಸ್ಟೀಲ್ ಡಬ್ಬಿಯನ್ನೇ ಹೋಟೆಲಿಗೆ ಕಳಿಸಿದರು. ಡಬ್ಬಿ ವಾಪಸ್ಸು ಬಂತು. ಮುಚ್ಚಳ ತೆಗೆದರೆ ಸಾಂಬಾರು ಒಂದು ಪ್ಲಾಸ್ಟಿಕ್ ಕವರಿನಲ್ಲಿ, ಚಟ್ನಿ ಇನ್ನೊಂದರಲ್ಲಿ, ಇಡ್ಲಿ ಮತ್ತೊಂದರಲ್ಲಿ. ಡಬ್ಬಿಯ ಮೈಗೂ ಪ್ಲಾಸ್ಟಿಕ್ ಸುತ್ತಿ, ಮೇಲೆ ಟೇಪು.

ನಾನೇ ಹೋಗಿ ಕೇಳಿದೆ. ಹೋಟೆಲಿನವನು ಎದೆಯ ಮೇಲೆ ಕೈಯಿಟ್ಟು, "ಅರೆ ಸಾಬ್, ಎಷ್ಟು ಚೆಂದದ ಡಬ್ಬಿ. ಸಾಂಬಾರು ತಾಗಿ ಖರಾಬ್ ಆಗಬಾರದಲ್ಲ?" ಅಂದ.

ಚುಕ್ಕಿ

ಆಮೇಲೆ ಬೇರೆ ಹೋಟೆಲು ಹಿಡಿದು, ಡಬ್ಬಿ ಮೊದಲೇ ಕೊಟ್ಟಿಟ್ಟು, ಫೋನಿನಲ್ಲಿ ಇಂಗ್ಲಿಷಿನಲ್ಲೇ ಮೆಸೇಜು ಹಾಕಿದೆ: "ಸ್ಪೂನ್ಸ್ ನೋ. ಫೋರ್ತ್ ಫ್ಲೋರ್." ವಾಕ್ಯ ಮುಗಿದಲ್ಲಿ ಚುಕ್ಕಿ ಇಡದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ, ನಮ್ಮ ಸ್ಕೂಲು ಹಾಗೆ ಕಲಿಸಿದೆ.

ಊಟದ ಜೊತೆ ನಾಲ್ಕು ಪ್ಲಾಸ್ಟಿಕ್ ಚಮಚ ಬಂದವು. ಕೇಳಿದರೆ, "ನೀವೇ ಬರೆದಿದ್ದೀರಲ್ಲ ಸಾರ್, ಎನ್, ಓ, ಪಕ್ಕದಲ್ಲಿ ಚುಕ್ಕಿ ಅಂದರೆ ನಂಬರ್. ಸ್ಪೂನು, ನಂಬರ್ ನಾಲ್ಕು" ಅಂದರು.

ಮರುದಿನ ಮನಸ್ಸು ಗಟ್ಟಿ ಮಾಡಿಕೊಂಡು ಚುಕ್ಕಿ ತೆಗೆದೆ. "ನೋ ಫೋರ್ತ್ ಫ್ಲೋರ್" ಎಂದು ಓದಿಕೊಂಡವರು, ನಾಲ್ಕನೇ ಮಹಡಿಯೇ ಇಲ್ಲವೆಂದು ತಿಳಿದು, ಊಟವನ್ನು ಕೆಳಗೆ ವಾಚ್‌ಮನ್‌ಗೆ ಕೊಟ್ಟು ಹೋದರು. ಚಮಚಗಳನ್ನು ಮಾತ್ರ ಮರೆಯದೆ ಜೊತೆಗಿಟ್ಟಿದ್ದರು.

ಬಿರಿಯಾನಿ

ಜೀಡಿಮೆಟ್ಲಾದಿಂದ ದೊಡ್ಡ ಗಿರಾಕಿಗಳು ಕಾರ್ಖಾನೆ ನೋಡಲು ಬಂದರು. ಮಾತು ಬೆಳೆದು ಮಧ್ಯಾಹ್ನ ಎರಡು ಗಂಟೆಯಾಯಿತು. ಡಬ್ಬಿ ಕಳಿಸಿ ತರಿಸುವಷ್ಟು ಪುರುಸೊತ್ತಿರಲಿಲ್ಲ. ಫೋನಿನಲ್ಲಿ ಎಂಟು ಬಿರಿಯಾನಿ ಆರ್ಡರ್ ಮಾಡಿದೆ. ಹೌದು, ನಾನೇ.

ಬಿರಿಯಾನಿಗೊಂದು ಡಬ್ಬಿ, ಅದಕ್ಕೆ ಕಲಸಿಕೊಳ್ಳುವ ಖಾರದ ಸಾಲನ್‌ಗೊಂದು, ರಾಯತಕ್ಕೊಂದು, ಈರುಳ್ಳಿ-ನಿಂಬೆಹಣ್ಣಿಗೊಂದು ಪೊಟ್ಟಣ, ಫೋರ್ಕು ಬೇರೆ. ಗಿರಾಕಿಗಳು ಉಂಡು ನೋಟೀಸನ್ನೂ ಹೊಗಳಿ ಹೋದರು. ಎಲ್ಲವನ್ನೂ ಚೀಲಕ್ಕೆ ತುರುಕಿ ಮೆಟ್ಟಿಲ ಬಳಿ ಇಟ್ಟು, ಕಸ ಗುಡಿಸುವಾಕೆಯನ್ನು ಕರೆದೆ. ಸ್ಟೋರ್ಸ್ ಗುಮಾಸ್ತರೂ ಅಕೌಂಟೆಂಟೂ ಬಾಗಿಲಿಗೆ ಬಂದು ನಿಂತರು.

ಆಕೆ ಚೀಲ ನೋಡಿದಳು, ಅಂಗೈ ನೋಡಿಕೊಂಡಳು. "ತಂದವರ ಒಯ್ಯಬೇಕು ಅಂತ ನೀವ ಹೇಳಿದ್ರಲ್ರಿ ಸಾಹೇಬ್ರ. ನಾ ತಂದಿಲ್ರಿ."

ಇಪ್ಪತ್ತೆರಡು ವರ್ಷ ಬೇರೆಯವರ ಕುಂಟುನೆಪಗಳನ್ನು ತಿರಸ್ಕರಿಸಿದ ನನ್ನ ಬಾಯಿಂದ ಆಗ ಹೊರಟದ್ದು ಇದು: "ನಾನೂ ತಂದಿಲ್ಲಮ್ಮ. ಆರ್ಡರ್ ಮಾಡಿದ್ದಷ್ಟೇ. ತಂದವನು ಗಾಡಿಯವನು."

ಗುಮಾಸ್ತರು ನನ್ನನ್ನು ಬಹಳ ಗೌರವದಿಂದ ನೋಡಿದರು.

"ಹೌದೇನ್ರಿ? ಹಂಗಾರ ಅವಂಗ ಫೋನ್ ಹಚ್ಚರಿ," ಅಂದಳು ಆಕೆ. "ಅಂವಾ ಬರೂತನಕ ನಾ ಒಂದ ರೊಟ್ಟಿ ತಿಂತೀನಿ."

ಚೀಲದ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚಿದಳು. ರೊಟ್ಟಿ ತಿಂದು, ಕಟ್ಟಿ ತಂದಿದ್ದ ಅರಿವೆಯನ್ನು ಚೀಲದ ಮೇಲೆಯೇ ಝಾಡಿಸಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬರಿಗೈಯಲ್ಲಿ ಇಳಿದು ಹೋದಳು.