ಟಾಸ್ಕ್‌ಬಾರಿಗೆ ಬಿದ್ದ ಬೀಗ

ಆದೋನಿ ಬಸ್‌ಸ್ಟ್ಯಾಂಡ್ ಹಿಂದಿನ ನಮ್ಮ ಆನ್‌ಲೈನ್ ಅಂಗಡ್ಯಾಗ ಕಂಪ್ಯೂಟರ್ ಇರೋದು ಒಂದೇ, ಆದ್ರ ನಗೋ ಸಂಗತಿಗೆ ಮಾತ್ರ ಬರ ಇಲ್ಲ. ನಾನು ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟವ. ಅಲ್ಲಿ ಜೆರಾಕ್ಸ್ ತೆಗಿಯೋದು, ಚಾ ತರೋದು ನನ್ನ ಕೆಲಸ. ಉಳಿದ ಹೊತ್ತಿನ್ಯಾಗ ಏನು ಮಾಡ್ತೀನಿ ಅನ್ನೋದೇ ಕೆಳಗಿನ ಕತಿ.

1. ನೆತ್ತಿಗೇರಿದ ಪಟ್ಟಿ

ತೆರೆಯ ಕೆಳಗ ಸ್ಟಾರ್ಟ್ ಬಟನ್, ಗಡಿಯಾರ ಇರೋ ಪಟ್ಟಿಗೆ ಟಾಸ್ಕ್‌ಬಾರ್ ಅಂತಾರ. ಮಾಲೀಕ ಅಣ್ಣ ಊಟಕ್ಕ ಹೋದಾಗ ಅದನ್ನ ಎಳೆದು ಮ್ಯಾಲ ಕುಂದ್ರಿಸಿದೆ. ಅಣ್ಣ ಬಂದವನೇ ತೆರೆಯ ಬುಡ ಒರೆಸಿದ, ಮೇಜಿನ ಕೆಳಗೂ ಬಗ್ಗಿದ.

“ಮ್ಯಾಲ ನೋಡಣ್ಣ” ಅಂದೆ.

ಅಣ್ಣ ಫ್ಯಾನ್ ನೋಡಿದ.

2. ರಾಹು ಬರದ ಕಂಪ್ಯೂಟರ್

ಮರುದಿನ ರಿಪೇರಿಯವ ಬಂದು, ಪಟ್ಟಿ ಮತ್ತ ಕೆಳಗ ತಂದು, ಅದು ಅಲ್ಲಾಡದಂಗ ಅಡ್ಮಿನ್ ಸೆಟ್ಟಿಂಗಿನ್ಯಾಗ ಬೀಗ ಹಾಕಿದ. ಅದೇ ಹುರುಪಿನ್ಯಾಗ ಗಡಿಯಾರನೂ ಮಾಯ ಮಾಡಿ ಹೋದ. ಅಣ್ಣ ನನಗ ಅಂದ: “ಇನ್ನೊಂದು ಚೇಷ್ಟೆ ಮಾಡು, ನಿಮ್ಮಪ್ಪನ್ನ ಕರಸ್ತೀನಿ. ನಿಮ್ಮೂರು ಆಸ್ಪರಿಗೆ ಹೋಗಿ ಕುರಿ ಕಾಯಿ.”

ನನಗ ಕುರಿ ಬ್ಯಾಡ, ಕಂಪ್ಯೂಟರ್ ಬೇಕಿತ್ತು. ಜೆರಾಕ್ಸ್ ತೆಗೀತಾ ನಿಂತೆ.

ಅಷ್ಟರಾಗ ಹತ್ತಿ ಸೌಕಾರ್ರು ಲೈಸೆನ್ಸ್ ಅರ್ಜಿಗೆ ಬಂದ್ರು. “ಈಗ ಬ್ಯಾಡಪ್ಪ, ರಾಹುಕಾಲ ಐತಿ.”

ನನ್ನ ಬಾಯಿ ಕೇಳಬೇಕಲ್ಲ. “ಈ ಕಂಪ್ಯೂಟರಿನ್ಯಾಗ ಗಡಿಯಾರನೇ ಇಲ್ರಿ. ರಾಹು ಬಂದ್ರೂ ಟೈಮ್ ತಿಳೀದ ವಾಪಸ್ ಹೋಗ್ತಾನ.”

ಸೌಕಾರ್ರು ತೆರೆಯ ನಾಕೂ ಮೂಲಿ ಹುಡುಕಿದ್ರು. “ಸರೇ, ಬಟನ್ ಒತ್ತು.”

ಆಮ್ಯಾಲ ಬಜಾರಿನವ್ರೆಲ್ಲ ರಾಹುಕಾಲಕ್ಕೇ ಬರಾಕತ್ತಿದ್ರು. ಅಣ್ಣನ ಮಧ್ಯಾಹ್ನದ ನಿದ್ದಿ ಹೋತು. ಆ ಸಿಟ್ಟಿಗೆ ನಮ್ಮಪ್ಪಗ ಫೋನ್ ಹೋತು.

3. ಈಶಾನ್ಯ ಮೂಲಿ

ಅಪ್ಪ ಹೆಗಲಿನ ಕಂಬಳಿ ಸಮೇತ ಬಂದು ಬೆಂಚಿನ ಮ್ಯಾಲ ಕುಂತ. ನನ್ನ ಚೀಲ ಬಾಗಲದಾಗ ಇತ್ತು. ಅದೇ ಹೊತ್ತಿಗೆ ಸೌಕಾರ್ರು ಮತ್ತ ಬಂದ್ರು. ಅವರ ಹಿಂದ ಬಜಾರಿನ ಅರ್ಧ ಮಂದಿ.

“ಅಲ್ಲಪ್ಪಾ, ನಕ್ಷೆದಾಗ ಮ್ಯಾಲ ಅಂದ್ರ ಉತ್ತರ. ಹಂಗಾರ ಕೆಳಗ ಎಡಕ್ಕಿರೋ ನಿಮ್ಮ ಸ್ಟಾರ್ಟ್ ಬಟನ್ ನೈರುತ್ಯದಾಗ ಆತು. ಶುರು ಮಾಡೋದು ಈಶಾನ್ಯದಿಂದ. ಸರಿಸು, ಇಲ್ಲಾಂದ್ರ ಬ್ಯಾರೆ ಅಂಗಡಿಗೆ ಹೊಂಟ್ವಿ.”

ಅಣ್ಣ ಎಳೆದ, ಪಟ್ಟಿ ಬರಲಿಲ್ಲ. ಸೆಟ್ಟಿಂಗ್ ತೆರೆದ. ‘ಇದನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಅಂತ ಬಂತು.

“ಸಂಸ್ಥೆ ಅಂದ್ರ ನಾನೇ ಅಲ್ಲೇನೋ?” ಅಂತ ಕಂಪ್ಯೂಟರನ್ನೇ ಕೇಳಿದ. ರಿಪೇರಿಯವನ ಫೋನ್ ಸ್ವಿಚ್ ಆಫ್. ಮಂದಿ ಚಪ್ಪಲಿ ಹಾಕ್ಕೊಳ್ಳಾಕ ಶುರು ಮಾಡಿದ್ರು.

ನಾನು ಹೋಗಿ ಮಾನಿಟರನ್ನೇ ತಲೆಕೆಳಗು ಮಾಡಿ, ಎರಡು ಇಟ್ಟಂಗಿ ಮ್ಯಾಲ ಗ್ವಾಡಿಗೆ ಆನಿಸಿದೆ. ಸ್ಟಾರ್ಟ್ ಬಟನ್ ಸೀದಾ ಈಶಾನ್ಯಕ್ಕ ಹೋತು. ಸೌಕಾರ್ರು ಕೈ ಮುಗಿದು ಕುಂತ್ರು.

ಅಣ್ಣ ಕುತ್ತಿಗಿ ಓರೆ ಮಾಡಿದ. ಒಂದಕ್ಷರ ತಿಳೀವಲ್ದು. ಮೌಸ್ ಬಲಕ್ಕ ಎಳೆದ್ರ ಬಾಣ ಎಡಕ್ಕ ಓಡ್ತೈತಿ.

“ಅತ್ತಾಗ ಸರಿ ಅಣ್ಣ” ಅಂತ ಕುಂತು ನಾನು ಪಟಪಟ ಓದಿ ಅರ್ಜಿ ತುಂಬಿಸಿದೆ. “ಸಾಲ್ಯಾಗ ನನಗ ಎಲ್ಲಾ ಪುಸ್ತಕ ಹಿಂಗೇ ಕಾಣ್ತಿದ್ವು.”

ಅಪ್ಪ ಎದ್ದು ಚೀಲ ಹೆಗಲಿಗೆ ಹಾಕ್ಕೊಂಡ. “ಕರ್ಕೊಂಡು ಹೋಗ್ಲೇನ್ರಿ ಇವನ್ನ?”

ಅಣ್ಣ ಮಂದಿ ಸಾಲು ನೋಡಿದ, ತೆರೆ ನೋಡಿದ. “ಬ್ಯಾಡ ಬಿಡಪ್ಪ. ಈ ಕಂಪ್ಯೂಟರ್ ಓದಾವ ಇಡೀ ಆದೋನ್ಯಾಗ ಇವನೊಬ್ಬನೇ ಅದಾನ.”