ಮೂರು ಬಿಳಿ ಗೆರೆಗಳ ಮುತ್ಯಾ

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಕಲಿಕೆಯ ಬಗ್ಗೆ ಬರೆಯಲು ನನಗಿರುವ ಯೋಗ್ಯತೆ ಒಂದೇ: ನನಗೊಬ್ಬಳು ಮೊಮ್ಮಗಳಿದ್ದಾಳೆ! ಹನ್ನೊಂದು ತಿಂಗಳ ಕೂಸು ಆಡಿದ ಮೊದಲ ಮಾತು 'ಮುತ್ಯಾ'. ಅವ್ವ ಅಲ್ಲ, ಅಪ್ಪ ಅಲ್ಲ, ಅಜ್ಜನಾದ ನಾನು! ಸಕ್ಕರೆ ಹಂಚುತ್ತ ಆಳಂದದ ಬಸ್ ನಿಲ್ದಾಣದವರೆಗೂ ಹೋದೆ. ಗುರುತಿಲ್ಲದ ಕಂಡಕ್ಟರನ ಬಾಯಿಗೂ ಒಂದು ಹಿಡಿ ಸುರಿದೆ.

ಮರುದಿನ ಕೂಸು ಒರಳುಕಲ್ಲಿಗೂ 'ಮುತ್ಯಾ' ಎಂದಿತು. ಆಮೇಲೆ ಹೊಸ್ತಿಲಿಗೆ, ಆಮೇಲೆ ಟ್ರ್ಯಾಕ್ಟರಿಗೆ. ಅವಕ್ಕೆಲ್ಲ ನನ್ನ ಹೆಂಡತಿ ದಿನಾ ವಿಭೂತಿ ಹಚ್ಚುತ್ತಾಳೆ. ನಾನೂ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿಯೇ ಕೂಸನ್ನು ಎತ್ತಿಕೊಳ್ಳುವವನು. ಅದು ಕಲಿತದ್ದು ನನ್ನನ್ನಲ್ಲ, ಮೂರು ಬಿಳಿ ಗೆರೆಗಳನ್ನು! ನಾನು ಬರಿ ಹಣೆಯಲ್ಲಿ ಕಂಡರೆ ಕಿಟಾರನೆ ಕಿರುಚುತ್ತಿತ್ತು.

ಕಡಗಂಚಿಯ ವಿಶ್ವವಿದ್ಯಾಲಯಕ್ಕೆ ಹೋಗಿ ಕಂಪ್ಯೂಟರ್ ಓದುವ ಸೊಸೆ, ಕೂಸಿನ ಅವ್ವ ಗೌರಿ ನಕ್ಕಳು. "ಮಾವ್ರ, ನನ್ನ ಕಂಪ್ಯೂಟರೂ ಹಿಂಗ ಮಾಡಾಕತ್ತದರಿ. ಮನಿ ಮಂದಿ ಫೋಟೋ ತೋರಿಸಿ ಗುರ್ತು ಕಲಿಸೇನಿ. ನಿಮ್ಮ ಎಲ್ಲಾ ಫೋಟೋದಾಗೂ ವಿಭೂತಿ. ಈಗ ಟ್ರ್ಯಾಕ್ಟರ್ ತೋರಿಸಿದ್ರೂ ಮುತ್ಯಾ ಅಂತದ."

"ಇದಕ್ಕ ಮದ್ದೇನವಾ?"

"ಬ್ಯಾರೆ ಬ್ಯಾರೆ ವೇಷದಾಗ ಕಾಣಸ್ಕೋರಿ. ಮಿದುಳಾಗ್ಲಿ ಮಷೀನಾಗ್ಲಿ, ಕಂಡದ್ದರಾಗೇ ಕಲೀತಾವ."

ತಡ ಮಾಡುವಂತಿರಲಿಲ್ಲ. ಭಾನುವಾರ ಜೇವರ್ಗಿಯಿಂದ ಗೌರಿಯ ತಂದೆ, ನಮ್ಮ ಬೀಗರು, ಬರುವವರಿದ್ದರು. ಅವರ ಹಣೆಯ ಗೆರೆಗಳು ನನ್ನವಕ್ಕಿಂತ ದಪ್ಪ. ಕೂಸು ಅವರ ತೋಳಿಗೆ ಹಾರಿ, ನನ್ನನ್ನು ಕಂಡು ಅತ್ತರೆ ನಾನು ಬದುಕುವುದು ಹೇಗೆ? ರುಮಾಲು ಸುತ್ತಿದೆ, ಬಿಚ್ಚಿದೆ, ಹೆಂಡತಿಯ ಸೀರೆ ಹೊದ್ದೆ, ರೊಟ್ಟಿ ಬುಟ್ಟಿಯನ್ನು ತಲೆಗೆ ಬೋರಲು ಹಾಕಿಕೊಂಡೆ. ಪ್ರತಿಸಲವೂ ಎದೆ ತಟ್ಟಿ 'ಮುತ್ಯಾ' ಎಂದೆ. ಗೌರಿ ಅವೇ ವೇಷಗಳ ಫೋಟೋ ತೆಗೆದು ಕಂಪ್ಯೂಟರಿಗೂ ಉಣಿಸಿದಳು. "ಕೂಸು ಕಲೀತದೋ ಇಲ್ಲೋ, ಓಣಿ ಮಂದಿ ಮಾತ್ರ ನಿಮ್ಮನ್ನ ಇನ್ನ ಮರೆಯಂಗಿಲ್ಲ ಬಿಡ್ರಿ!" ಎಂದಳು ಹೆಂಡತಿ.

ಭಾನುವಾರ ಹಣೆ ಒರೆಸಿ, ಕನ್ನಡಕವನ್ನೂ ತೆಗೆದಿಟ್ಟು, ಕೂಸನ್ನೆತ್ತಿ ಅಂಗಳದಲ್ಲಿ ನಿಂತೆ. ಬೇವಿನ ಗಿಡದ ಕೆಳಗೆ ಮೂರು ದಪ್ಪ ಗೆರೆಗಳು ಕಂಡವು. ತಲೆಬಾಗಿಸಿ, "ಶರಣ್ರಿ ಬೀಗರ! ಬರ್ರಿ, ಕಾಲಿಗೆ ನೀರು ತಗೋರಿ," ಎಂದೆ. ಗೆರೆಗಳು ಕದಲಲಿಲ್ಲ. ಸಿಟ್ಟಾದರೇನೋ ಎಂದು ಇನ್ನಷ್ಟು ಬಾಗಿದೆ.

"ಬೀಗರ, ನಾ ಇಲ್ಲಿದ್ದೇನ್ರಿ," ಬೆನ್ನ ಹಿಂದಿನಿಂದ ದನಿ ಬಂತು. "ಅದು ನಿಮ್ಮ ಟ್ರ್ಯಾಕ್ಟರ್."

ಕೂಸು ಟ್ರ್ಯಾಕ್ಟರನ್ನು ನೋಡಿತು, ಬೀಗರನ್ನು ನೋಡಿತು. ನನ್ನ ಬರಿ ಹಣೆಗೆ ಪಟಪಟ ಬಡಿದು, "ಮುತ್ಯಾ!" ಎಂದಿತು. ಬೀಗರೆದುರೇ ಕುಣಿದುಬಿಟ್ಟೆ.

ಈಗ ಕೂಸು ಕಲಿತಿದೆ, ಕಂಪ್ಯೂಟರೂ ಕಲಿತಿದೆ. ಗೌರಿ ದಿನಾ ಸಂಜೆ ನನ್ನನ್ನು ಕೂರಿಸಿಕೊಂಡು, ಬೇರೆ ಬೇರೆ ವೇಷದ ಬೀಗರ ಫೋಟೋಗಳನ್ನು ತೋರಿಸುತ್ತಿದ್ದಾಳೆ.